ಹೂವಿಲ್ಲದ ಗಿಡಗಳ ಆರಾಧಕ ಕರ್ನಲ್ ಬೆಡ್ಡೋಮ್

ಆಷಾಢದಲ್ಲಿ ಹರಿಹರೇಶ್ವರನ ದೇವಾಲಯದ ಬಳಿ ನಿಂತು ತುಂಗಭದ್ರೆಯನ್ನು ನೋಡಿದವರಿಗೆ ಆ ಕೆಂಪು ನೀರು ಎಲ್ಲಿಂದ ಬಂತೆಂಬ ಪ್ರಶ್ನೆ ಏಳದಿರದು. ಊರಿನಲ್ಲಿ ಒಂದು ಹನಿಯೂ ಬೀಳದ ದಿನ ಹೊಳೆ ದಡ ತುಂಬಿ ಹರಿಯುತ್ತಿರುತ್ತದೆ. ದಾವಣಗೆರೆಯ ಸೀಮೆಗೆ ವರ್ಷಕ್ಕೆ ದೊರೆಯುವ ಮಳೆ 600 ಮಿಲಿಮೀಟರಿನ ಆಸುಪಾಸು. ಇಲ್ಲಿಂದ ಇನ್ನೂರು ಕಿಲೋಮೀಟರಿನೊಳಗಿರುವ ಆಗುಂಬೆಯಲ್ಲಿ ಅದು 7000 ಮಿಲಿಮೀಟರನ್ನು ಮೀರುತ್ತದೆ. ಕೂಡಲಿಯಲ್ಲಿ ಒಂದಾಗಿ ಹೊನ್ನಾಳಿಯ ಮಾರ್ಗವಾಗಿ ಹರಿಹರಕ್ಕೆ ಬರುವ ತುಂಗೆ ಮತ್ತು ಭದ್ರೆಗಳೆರಡೂ ಕುದುರೆಮುಖದ ಸಮೀಪದ ವರಾಹ ಪರ್ವತದ ಗಂಗಾಮೂಲದಲ್ಲಿ ಹುಟ್ಟುತ್ತವೆ. ಅದೇ ಬೆಟ್ಟದಲ್ಲಿ ಹುಟ್ಟುವ ನೇತ್ರಾವತಿಯು ಪಶ್ಚಿಮಕ್ಕೆ ತಿರುಗಿ ದಕ್ಷಿಣ ಕನ್ನಡವನ್ನು ಹಾದು ಅರಬ್ಬೀ ಸಮುದ್ರವನ್ನು ಸೇರುತ್ತದೆ. ಒಂದೇ ಮನೆಯಲ್ಲಿ ಹುಟ್ಟಿ ಬೇರೆ ಬೇರೆ ಸೀಮೆಗೆ ಹೋದ ಅಕ್ಕತಂಗಿಯರಂತೆ ಇವು ಮೂರು.

ಆ ಬೆಟ್ಟಗಳ ನೆತ್ತಿಯ ಮೇಲೆ ಹುಲ್ಲುಗಾವಲು. ಕಣಿವೆಗಳ ಸಂದಿಯಲ್ಲಿ ಶೋಲಾ ಎಂದು ಕರೆಯಲ್ಪಡುವ ದಟ್ಟವಾದ ಕಾಡು. ಕಾಡಿನೊಳಗೆ ಮಧ್ಯಾಹ್ನದಲ್ಲಿಯೂ ಮಬ್ಬು. ಮರದ ಬುಡದಲ್ಲಿ, ಕೊಂಬೆಯ ಕವಲಿನಲ್ಲಿ, ಝರಿಯ ಅಂಚಿನ ಬಂಡೆಯಲ್ಲಿ ಎಲ್ಲೆಲ್ಲಿಯೂ ಜರೀಗಿಡ. ಆಂಗ್ಲರು ಫರ್ನ್ ಎಂದು ಕರೆಯುವ ಈ ಸಸ್ಯವರ್ಗವನ್ನು ದಕ್ಷಿಣ ಭಾರತದಲ್ಲಿ ಮೊಟ್ಟಮೊದಲು ಸಮಗ್ರವಾಗಿ ಅರಸಿ, ಗುರುತಿಸಿ, ಪ್ರತಿಯೊಂದರ ಚಿತ್ರವನ್ನು ಅಚ್ಚು ಮಾಡಿಸಿದವರು ಕರ್ನಲ್ ರಿಚರ್ಡ್ ಹೆನ್ರಿ ಬೆಡ್ಡೋಮ್. ಸಸ್ಯವಿಜ್ಞಾನದ ಲೋಕದಲ್ಲಿ ಸುಪ್ರಸಿದ್ಧವಾದ ಈ ಹೆಸರು ಬಯಲುಸೀಮೆಯ ಜನರಿಗೆ ಅಷ್ಟಾಗಿ ಪರಿಚಿತವಲ್ಲ.

ಬೆಡ್ಡೋಮರ ಸಾಧನೆಯನ್ನು ಅರಿಯಬೇಕಾದರೆ ಅವರು ಆರಿಸಿಕೊಂಡ ಗಿಡದ ಸ್ವಭಾವವನ್ನು ಮೊದಲು ತಿಳಿಯಬೇಕು. ಜರೀಗಿಡಕ್ಕೆ ಹೂವಿಲ್ಲ, ಕಾಯಿಲ್ಲ, ಬೀಜವಿಲ್ಲ. ಎಲೆಯ ಬೆನ್ನನ್ನು ತಿರುಗಿಸಿ ನೋಡಿದರೆ ಕಂದುಬಣ್ಣದ ಚುಕ್ಕೆಗಳೋ ಗೆರೆಗಳೋ ಕಾಣುತ್ತವೆ. ಅವು ಬೀಜಕಗಳ ಗುಚ್ಛಗಳು. ಧೂಳಿನಷ್ಟು ಹಗುರವಾದ ಬೀಜಕಗಳು ಗಾಳಿಯಲ್ಲಿ ತೇಲಿ ಎಷ್ಟು ದೂರವಾದರೂ ಹೋಗಬಲ್ಲವು. ಆದರೆ ಬಿದ್ದ ಬೀಜಕದಿಂದ ನೇರವಾಗಿ ಜರೀಗಿಡ ಹುಟ್ಟುವುದಿಲ್ಲ. ಮೊದಲು ಕಿರುಬೆರಳಿನ ಉಗುರಿಗಿಂತ ದೊಡ್ಡದಲ್ಲದ, ಹೃದಯದ ಆಕಾರದ ಒಂದು ತೆಳುವಾದ ಹಸುರು ಹಾಳೆ ನೆಲಕ್ಕೆ ಅಂಟಿಕೊಂಡು ಬೆಳೆಯುತ್ತದೆ. ಅದರ ಅಡಿಯಲ್ಲಿ ಪುರುಷಾಣು ಮತ್ತು ಅಂಡಾಣುಗಳು ಹುಟ್ಟುತ್ತವೆ. ಪುರುಷಾಣು ಅಂಡಾಣುವನ್ನು ಸೇರಬೇಕಾದರೆ ನೀರಿನಲ್ಲಿ ಈಜಿಯೇ ಹೋಗಬೇಕು. ಒಂದು ತೆಳುವಾದ ನೀರಿನ ಪೊರೆ ಸಾಕು. ಆದರೆ ಅದು ಇರಲೇಬೇಕು. ಆ ಹಾಳೆಯ ಮೇಲೆ ಒಂದು ದಿನ ಬಿಸಿಲು ನೇರವಾಗಿ ಬಿದ್ದರೂ ಸಂತಾನವೇ ನಿಂತುಹೋಗಬಹುದು. ಜರೀಗಿಡಗಳು ಕಾಡಿನ ನೆರಳನ್ನೂ ಝರಿಯ ತುಂತುರನ್ನೂ ಬಿಟ್ಟು ಅಗಲದಿರುವುದಕ್ಕೆ ಇದೇ ಕಾರಣ. ಮೇಲಿನ ಮರವನ್ನು ಕಡಿದವನು ಕೆಳಗಿನ ಜರಿಯನ್ನು ಮುಟ್ಟದಿದ್ದರೂ ಅದನ್ನು ಕೊಂದಂತೆಯೇ ಸರಿ.

ಎಲ್ಲ ಜರಿಗಳೂ ಹೀಗೆಯೇ ಎಂದಲ್ಲ. ಬಯಲುನಾಡಿನ ಬಂಡೆಗಳ ಬಿರುಕಿನಲ್ಲಿಯೂ ಹಳೆಯ ಕೋಟೆಗೋಡೆಗಳ ಸಂದಿನಲ್ಲಿಯೂ ನವಿಲಿನ ಜುಟ್ಟಿನಂತೆ ಎಲೆ ಬಿಚ್ಚುವ ಒಂದು ಪುಟ್ಟ ಜರಿಯಿದೆ. ವೈದ್ಯರು ಅದನ್ನು ಮಯೂರಶಿಖೆ ಎನ್ನುತ್ತಾರೆ. ಬೇಸಗೆಯಲ್ಲಿ ಸತ್ತಂತೆ ಸುರುಟಿಕೊಂಡು, ಮೊದಲ ಮಳೆಗೆ ಮತ್ತೆ ಹಸುರಾಗುವ ಗಟ್ಟಿಜೀವ ಅದು. ಭದ್ರಾ ನಾಲೆಯ ಬಯಲಿನಲ್ಲಿ ರೈತರು ಗೊಬ್ಬರಕ್ಕೆಂದು ಗದ್ದೆಯ ನೀರಿನ ಮೇಲೆ ಬೆಳೆಸುವ ಅಜೋಲವೂ ಈ ಬಳಗಕ್ಕೇ ಸೇರಿದ್ದು. ಕೊಡಗಿನವರು ಮಳೆಗಾಲದಲ್ಲಿ ಪಲ್ಯ ಮಾಡುವ ತೆರ್ಮೆ ತೊಪ್ಪು ಹೊಳೆದಂಡೆಯ ಜರಿಯ ಎಳೆಯ ಕುಡಿ. ಆಯುರ್ವೇದದ ಹಂಸಪದಿ ಇನ್ನೊಂದು. ಎಲೆಯ ಬೆನ್ನಿಗೆ ಬೆಳ್ಳಿಯ ಹಿಟ್ಟು ಸವರಿದಂತಿರುವ ಜರಿಯನ್ನು ಕೈಯ ಮೇಲೆ ಒತ್ತಿ ಬಿಳಿಯ ಅಚ್ಚು ಮೂಡಿಸಿಕೊಳ್ಳುವುದು ಮಲೆನಾಡಿನ ಮಕ್ಕಳ ಆಟ. ಜನಜೀವನಕ್ಕೆ ಇಷ್ಟು ಹತ್ತಿರವಾಗಿದ್ದರೂ ಸಸ್ಯಶಾಸ್ತ್ರದಲ್ಲಿ ಇವುಗಳಿಗೆ ದೊರೆತದ್ದು ಕಡೆಯ ಪಂಕ್ತಿ. ಸ್ವೀಡನ್ನಿನ ಲಿನೇಯಸನು ಸಸ್ಯಗಳನ್ನು 24 ವರ್ಗಗಳಾಗಿ ವಿಂಗಡಿಸಿದಾಗ ಹೂವಿಲ್ಲದವುಗಳನ್ನೆಲ್ಲ ಒಟ್ಟುಗೂಡಿಸಿ ಕೊನೆಯ ವರ್ಗಕ್ಕೆ ನೂಕಿದ್ದನು.

ಬೆಡ್ಡೋಮರು 1830ರ ಮೇ 11ರಂದು ಇಂಗ್ಲೆಂಡಿನಲ್ಲಿ ಜನಿಸಿದರು. ತಂದೆ ಲಂಡನ್ನಿನ ನೈಋತ್ಯ ಭಾಗದ ಕ್ಲ್ಯಾಪಮ್ ಎಂಬಲ್ಲಿ ನೆಲೆಸಿದ್ದ ನ್ಯಾಯವಾದಿ. ಪ್ರಸಿದ್ಧವಾದ ಚಾರ್ಟರ್‌ಹೌಸ್ ಶಾಲೆಯಲ್ಲಿ ವ್ಯಾಸಂಗ ಮಾಡಿದ ಹಿರಿಯ ಮಗನೂ ತಮ್ಮ ವೃತ್ತಿಯನ್ನೇ ಹಿಡಿಯಲೆಂದು ಹಿರಿಯರ ಬಯಕೆಯಾಗಿತ್ತು. ಮಗನ ಮನಸ್ಸು ಕಾನೂನಿನ ಹೊತ್ತಗೆಗಳಲ್ಲಿ ನೆಲೆಗೊಳ್ಳಲಿಲ್ಲ. ಹದಿನೆಂಟರ ಹರೆಯದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯವನ್ನು ಸೇರಿ ಭಾರತಕ್ಕೆ ಬಂದರು. ಮದರಾಸಿನ 42ನೆಯ ದೇಶೀಯ ಪದಾತಿದಳದಲ್ಲಿ ಸಾಮಗ್ರಿಗಳ ಮೇಲ್ವಿಚಾರಕರೂ ದುಭಾಷಿಯೂ ಆದರು. ಗಮನಿಸಬೇಕಾದ ಸಂಗತಿಯೆಂದರೆ, ಮುಂದೆ ಜಗತ್ತಿನ ಪಂಡಿತರೊಡನೆ ಸರಿಸಮನಾಗಿ ನಿಂತ ಈ ವ್ಯಕ್ತಿ ಯಾವ ವಿಶ್ವವಿದ್ಯಾಲಯದಲ್ಲಿಯೂ ಸಸ್ಯಶಾಸ್ತ್ರವನ್ನು ಓದಿದವರಲ್ಲ. ಕಲಿತದ್ದೆಲ್ಲವೂ ಕಾಡಿನಲ್ಲಿ.

ಈ ತಿರುವಿಗೆ ಕಾರಣರಾದವರು ಡಾಕ್ಟರ್ ಹ್ಯೂ ಕ್ಲೆಗ್‌ಹಾರ್ನ್. ಅವರ ಕಥೆಯೂ ತುಂಗೆಯ ದಡದಲ್ಲಿಯೇ ಮೊದಲಾಗುತ್ತದೆ. 1840ರ ದಶಕದ ಮಧ್ಯಭಾಗದಲ್ಲಿ ಕ್ಲೆಗ್‌ಹಾರ್ನರು ಶಿವಮೊಗ್ಗೆಯಲ್ಲಿ ಸರಕಾರಿ ವೈದ್ಯರಾಗಿದ್ದರು. ದಿನಕ್ಕೊಂದು ಗಿಡವನ್ನು ತಪ್ಪದೆ ಪರಿಶೀಲಿಸಬೇಕೆಂಬ ನಿಯಮವನ್ನಿಟ್ಟುಕೊಂಡು, ಮರಾಠಿ ಚಿತ್ರಗಾರನೊಬ್ಬನಿಂದ ಶಿವಮೊಗ್ಗೆಯ ಸುತ್ತಲಿನ ಸಸ್ಯಗಳ ಚಿತ್ರಗಳನ್ನು ಬರೆಯಿಸಿದರು. ಹೀಗೆ ಮಲೆನಾಡಿನ ಅಂಚಿನಲ್ಲಿ ಸಸ್ಯಗಳ ಅಭ್ಯಾಸದಲ್ಲಿ ತೊಡಗಿದ ಅವರು 1856ರಲ್ಲಿ ಮದರಾಸು ಆಧಿಪತ್ಯದ ಅರಣ್ಯ ಇಲಾಖೆಯನ್ನು ಕಟ್ಟಲು ನಿಯುಕ್ತರಾದರು. ಅವರಿಗೆ ದೊರೆತ ಮೊದಲ ಸಹಾಯಕರಲ್ಲಿ ಯುವಕ ಬೆಡ್ಡೋಮರೂ ಒಬ್ಬರು. 1860ರಲ್ಲಿ ಇಲಾಖೆಯ ಹೊಣೆ ಬೆಡ್ಡೋಮರ ಹೆಗಲಿಗೆ ಬಂತು. ಆಗ ಅವರಿಗೆ ಮೂವತ್ತು ವರ್ಷ. ಮುಂದೆ 1882ರ ವರೆಗೆ, ಇಪ್ಪತ್ತೆರಡು ವರ್ಷಗಳ ಕಾಲ, ಅವರೇ ಆ ಇಲಾಖೆಯ ಮುಖ್ಯಸ್ಥರು.

ಅಂದಿನ ಗಡಿಗಳನ್ನು ನೆನೆದರೆ ಈ ಅಧಿಕಾರದ ವ್ಯಾಪ್ತಿ ಅರ್ಥವಾಗುತ್ತದೆ. ಹರಿಹರ, ದಾವಣಗೆರೆಗಳು ಮೈಸೂರು ಸಂಸ್ಥಾನಕ್ಕೆ ಸೇರಿದ್ದವು. ಹೊಳೆಯಾಚೆಯ ರಾಣೆಬೆನ್ನೂರು ಮುಂಬಯಿ ಆಧಿಪತ್ಯದ್ದು. ನೆರೆಯ ಹರಪನಹಳ್ಳಿ ಬಳ್ಳಾರಿ ಜಿಲ್ಲೆಯಲ್ಲಿದ್ದು ಮದರಾಸಿಗೆ ಸೇರಿತ್ತು. (1997ರಲ್ಲಿ ರಚಿತವಾದ ದಾವಣಗೆರೆ ಜಿಲ್ಲೆಗೆ ಬಂದ ಹರಪನಹಳ್ಳಿ 2018ರಲ್ಲಿ ಮರಳಿ ಬಳ್ಳಾರಿಗೆ ಹೋಯಿತು, ಗಡಿಗಳ ಅಲೆದಾಟ ಇಂದಿನದಲ್ಲ.) ಹಾಗೆಯೇ ವರಾಹ ಪರ್ವತದ ಪೂರ್ವದ ಇಳಿಜಾರು ಮೈಸೂರಿನದು, ನೇತ್ರಾವತಿ ಇಳಿಯುವ ಪಶ್ಚಿಮದ ಇಳಿಜಾರು ದಕ್ಷಿಣ ಕನ್ನಡದೊಡನೆ ಮದರಾಸಿನದು. ಆದುದರಿಂದ ಹರಿಹರಕ್ಕೆ ನೀರೂಡಿಸುವ ಬೆಟ್ಟಸಾಲಿನ ಒಂದು ಮಗ್ಗುಲು ಬೆಡ್ಡೋಮರ ಆಡಳಿತಕ್ಕೆ ಒಳಪಟ್ಟಿತ್ತು. ಜರೀಗಿಡದ ಬೀಜಕಕ್ಕೆ ಈ ಗಡಿಗಳ ಪರಿವೆಯಿರಲಿಲ್ಲ.

ಅರಣ್ಯಾಧಿಕಾರಿಯ ಕೆಲಸ ಗಿಡಗಳ ಅಭ್ಯಾಸವಲ್ಲ, ಮರದ ಲೆಕ್ಕ. 1856ರಲ್ಲಿ ಮದರಾಸಿನಿಂದ ಹೊರಟ ರೈಲಿಗೆ ಮರದ ದಿಮ್ಮಿ ಬೇಕು, ಸೌದೆ ಬೇಕು. ಹಡಗಿಗೆ ತೇಗ ಬೇಕು. ಇವೆಲ್ಲವನ್ನೂ ಒದಗಿಸಿ ಬೊಕ್ಕಸಕ್ಕೆ ಲಾಭ ತೋರಿಸುವುದು ಅವರ ಕರ್ತವ್ಯವಾಗಿತ್ತು. ಆ ಕರ್ತವ್ಯದ ಪ್ರವಾಸಗಳಲ್ಲಿಯೇ ಬೆಡ್ಡೋಮರು ತಮ್ಮ ನಿಜವಾದ ಕಾಯಕವನ್ನು ಕಂಡುಕೊಂಡರು. ನೀಲಗಿರಿ, ಆನೆಮಲೆ, ವೈನಾಡು, ದಕ್ಷಿಣ ಕನ್ನಡದ ಘಟ್ಟಗಳು, ತಿರುನಲ್ವೇಲಿಯ ಬೆಟ್ಟಗಳು ಹೀಗೆ ಎಲ್ಲಿ ಹೋದರೂ ಇತರ ಅಧಿಕಾರಿಗಳು ಮರದ ಸುತ್ತಳತೆಯನ್ನು ನೋಡಿದರೆ ಇವರು ಅದರ ಬುಡವನ್ನೂ ನೋಡಿದರು. ಮಲೇರಿಯಾಕ್ಕೆ ಸೊಳ್ಳೆ ಕಾರಣವೆಂದು ತಿಳಿದದ್ದು 1897ರಲ್ಲಿ. ಅದಕ್ಕೆ ನಾಲ್ಕು ದಶಕಗಳ ಹಿಂದೆ ಈ ಕಣಿವೆಗಳಲ್ಲಿ ರಾತ್ರಿ ಕಳೆಯುವುದೆಂದರೆ ಪ್ರಾಣವನ್ನು ಒತ್ತೆಯಿಟ್ಟಂತೆ. ಆದರೂ ಜರಿಗಳು ಸಿಗುವುದು ಅಂತಹ ಕಣಿವೆಗಳಲ್ಲಿಯೇ. ಹೊಳೆಯ ಇಕ್ಕೆಲಗಳಲ್ಲಿ ತೆಂಗಿನಂತೆ ಕಾಂಡವೆತ್ತಿ ಛತ್ರಿ ಹಿಡಿದು ನಿಲ್ಲುವ ಮರಜರಿ, ಮಾವು ಹಲಸುಗಳ ಕೊಂಬೆಯ ಮೇಲೆ ಒಣ ಎಲೆಗಳ ಗೂಡು ಕಟ್ಟಿ ತರಗನ್ನು ಕೂಡಿಸಿ ಅದರಿಂದಲೇ ಗೊಬ್ಬರ ಪಡೆಯುವ ಡ್ರೈನೇರಿಯ, ಜಲಪಾತದ ತುಂತುರಿನಲ್ಲಿ ಬಂಡೆಗೆ ಅಂಟಿ ಬೆಳೆಯುವ, ನೋಟಕ್ಕೆ ಪಾರದರ್ಶಕವಾದ ತೆಳುವೆಲೆಯ ಜರಿ, ಹೀಗೆ ಒಂದೊಂದಕ್ಕೂ ಒಂದೊಂದು ಮನೆ. ಬೆಡ್ಡೋಮರು ಪ್ರತಿಯೊಂದು ಗಿಡದ ವಿವರಣೆಯೊಡನೆ ಅದು ದೊರೆತ ಬೆಟ್ಟವನ್ನೂ ಅನೇಕ ಕಡೆ ಎತ್ತರವನ್ನೂ ದಾಖಲಿಸಿದರು. ಗಿಡವೆಂದರೆ ಎಲೆ ಮಾತ್ರವಲ್ಲ, ಅದು ನಿಂತ ನೆಲೆಯೂ ಹೌದೆಂಬುದು ಆ ಬರಹಗಳಲ್ಲಿ ಎದ್ದು ಕಾಣುತ್ತದೆ.

ಈ ಶ್ರಮದ ಮೊದಲ ಫಲ 1863ರಿಂದ ಮದರಾಸಿನಲ್ಲಿ ಭಾಗಭಾಗವಾಗಿ ಪ್ರಕಟವಾದ ದಕ್ಷಿಣ ಭಾರತದ ಜರೀಗಿಡಗಳ ಗ್ರಂಥ. ಅದರಲ್ಲಿ 271 ಚಿತ್ರಪಟಗಳಿವೆ. ಅದು ಮುಗಿಯುತ್ತಿದ್ದಂತೆ 1865ರಿಂದ 1870ರ ವರೆಗೆ ಇಡೀ ಬ್ರಿಟಿಷ್ ಭಾರತದ ಜರಿಗಳ ಗ್ರಂಥ ಹೊರಬಂತು. ಅದರ ಚಿತ್ರಪಟಗಳು 345. ಇವುಗಳ ನಡುವೆಯೇ ದಕ್ಷಿಣ ಭಾರತದ ಮರಗಳನ್ನು ಕುರಿತ ಫ್ಲೋರಾ ಸಿಲ್ವಾಟಿಕ (1869–1874) ಎಂಬ ಬೃಹತ್ ಗ್ರಂಥವೂ ಅಪರೂಪದ ಸಸ್ಯಗಳ ಚಿತ್ರಸಂಪುಟವೂ ಸಿದ್ಧವಾದವು. ಆಗುಂಬೆ ಮತ್ತು ಕುದುರೆಮುಖದ ಕಾಡುಗಳಲ್ಲಿ ಒತ್ತೊತ್ತಾಗಿ ನಿಂತಿರುವ ಬಲಗಿ ಮರಕ್ಕೆ ಇಂದಿಗೂ ವಿಜ್ಞಾನದಲ್ಲಿ ಬಳಕೆಯಲ್ಲಿರುವ ಹೆಸರು ಬೆಡ್ಡೋಮರು 1865ರಲ್ಲಿ ಕೊಟ್ಟದ್ದು. ಆ ಬಲಗಿಯ ನೆರಳೇ ಅಲ್ಲಿಯ ಎಷ್ಟೋ ಜರಿಗಳ ಮನೆ. ಹಗಲು ಕಚೇರಿ, ಕಡತ, ಕುದುರೆಯ ಪಯಣಗಳಲ್ಲಿ ಕಳೆಯುತ್ತಿದ್ದ ಅಧಿಕಾರಿಯೊಬ್ಬರು ಹತ್ತು ಹನ್ನೆರಡು ವರ್ಷಗಳಲ್ಲಿ ಇಷ್ಟನ್ನು ಮಾಡಿದರೆಂದರೆ ಬೆರಗಾಗುತ್ತದೆ. ಕಾಯಕದಲ್ಲಿ ಮೇಲು ಕೀಳೆಂಬುದಿಲ್ಲವೆಂದು ಸಾರಿದ ಶರಣರ ನಾಡಿನಲ್ಲಿ, ಕಡೆಯ ಪಂಕ್ತಿಯ ಗಿಡಗಳಿಗೆ ಬದುಕನ್ನು ಮುಡಿಪಿಟ್ಟ ಈ ಪರದೇಶಿ ಅಪರಿಚಿತನೆನಿಸುವುದಿಲ್ಲ.

ಕೆಲಸ ಅವರೊಬ್ಬರದಲ್ಲ. ಆ ಚಿತ್ರಗಳ ಹಿಂದೆ ಗೋವಿಂದು ಎಂಬ ತೆಲುಗು ಚಿತ್ರಗಾರನ ಕೈಯಿದೆ. ಸಸ್ಯಶಾಸ್ತ್ರಜ್ಞ ರಾಬರ್ಟ್ ವೈಟರ ಬಳಿ ಪಳಗಿ, ಬಳಿಕ ಕ್ಲೆಗ್‌ಹಾರ್ನರಿಗೂ ಬೆಡ್ಡೋಮರಿಗೂ ಚಿತ್ರ ಬರೆದ ಕಲಾವಿದ ಅವನು. ವೈಟರು ಒಂದು ಸೀತಾಳೆ ಕುಲಕ್ಕೆ ಅವನ ಹೆಸರನ್ನೇ ಇಟ್ಟಿದ್ದರು. ಜರಿಯ ಎಲೆಯಲ್ಲಿ ನರಗಳು ಹೇಗೆ ಕವಲೊಡೆಯುತ್ತವೆ, ಬೀಜಕಗಳ ಗುಚ್ಛ ನರದ ತುದಿಯಲ್ಲಿದೆಯೋ ನಡುವಿನಲ್ಲಿದೆಯೋ ಎಂಬುದರ ಮೇಲೆ ಗಿಡದ ಗುರುತು ನಿಂತಿದೆ. ಚಿತ್ರಗಾರನ ಕಣ್ಣು ಒಂದು ಕೂದಲೆಳೆಯಷ್ಟು ತಪ್ಪಿದರೂ ಗ್ರಂಥ ನಿಷ್ಪ್ರಯೋಜಕ. ಚಿತ್ರಗಾರನ ಹೆಸರಾದರೂ ಉಳಿಯಿತು. ಕಣಿವೆಯ ದಾರಿ ತೋರಿಸಿದ, ಮರವೇರಿ ಜರಿಯನ್ನು ಕಿತ್ತು ತಂದ, ಯಾವ ಗಿಡ ಯಾವ ಹಳ್ಳದಲ್ಲಿದೆಯೆಂದು ಬಾಲ್ಯದಿಂದ ಬಲ್ಲ ಕಾಡಿನ ಜನರ ಹೆಸರುಗಳಿಗೆ ಆ ಗ್ರಂಥಗಳಲ್ಲಿ ಸ್ಥಾನ ದೊರೆಯಲಿಲ್ಲ. ಇದು ಆ ಕಾಲದ ವಿದ್ವತ್ತಿನ ಕೊರತೆ, ಬೆಡ್ಡೋಮರೂ ಅದಕ್ಕೆ ಹೊರತಲ್ಲ.

ಅವರ ವಿದ್ವತ್ತಿನ ದಿಟ್ಟತನಕ್ಕೆ ಒಂದು ನಿದರ್ಶನ ಸಾಕು. ಲಂಡನ್ನಿನ ಕ್ಯೂ ಉದ್ಯಾನದ ಹೂಕರ್ ಮತ್ತು ಬೇಕರ್ ಅವರು ಅಂದು ಜಗತ್ತಿನ ಜರಿಗಳ ಮೇಲೆ ಅಧಿಕಾರವಾಣಿಯಿಂದ ಮಾತನಾಡಬಲ್ಲವರಾಗಿದ್ದರು. ಅವರು ಒಂದಕ್ಕೊಂದು ಸಂಬಂಧವಿಲ್ಲದ ನೂರಾರು ಜರಿಗಳನ್ನು ಪಾಲಿಪೋಡಿಯಮ್ ಎಂಬ ಒಂದೇ ದೊಡ್ಡ ಕುಲದಲ್ಲಿ ತುಂಬಿದ್ದರು. ಬೆಡ್ಡೋಮರು ಇದನ್ನು ಒಪ್ಪಲಿಲ್ಲ. ಎಲೆಯ ನರಗಳ ವಿನ್ಯಾಸವನ್ನು ಆಧಾರವಾಗಿಟ್ಟುಕೊಂಡು ಡ್ರೈನೇರಿಯದಂತಹ ಸಣ್ಣ ಕುಲಗಳನ್ನು ಪ್ರತ್ಯೇಕವಾಗಿಯೇ ಉಳಿಸಿದರು. ಒಣಗಿದ ಎಲೆಗಳನ್ನು ಕಪಾಟಿನಲ್ಲಿ ನೋಡಿದವರಿಗೂ ಹಸಿಯ ಗಿಡವನ್ನು ಕಾಡಿನಲ್ಲಿ ಕಂಡವರಿಗೂ ಇದ್ದ ಅಂತರ ಇದು. ಮುಂದಿನ ಶತಮಾನದ ಸಂಶೋಧನೆಯು ಆ ದೊಡ್ಡ ಕುಲವನ್ನು ಒಡೆದು, ಈ ವಿಷಯದಲ್ಲಿ ಬಹುಮಟ್ಟಿಗೆ ಬೆಡ್ಡೋಮರ ದಾರಿಯನ್ನೇ ಹಿಡಿಯಿತು.

ಬದುಕಿನ ಇನ್ನೊಂದು ಮುಖವನ್ನೂ ಮರೆಮಾಚಬಾರದು. ಬೆಡ್ಡೋಮರು ಗಿಡಗಳನ್ನು ಎಣಿಸುತ್ತಿದ್ದಂತೆಯೇ ಅವುಗಳ ಮನೆಗಳು ಉರುಳುತ್ತಿದ್ದವು. ನೀಲಗಿರಿ, ವೈನಾಡು, ಕೊಡಗುಗಳಲ್ಲಿ ಕಾಫಿಗಾಗಿ ಕಾಡು ಬಯಲಾಗುತ್ತಿತ್ತು. ನೆರಳು ಹೋದ ಇಳಿಜಾರಿನಲ್ಲಿ ನೂರು ಬಗೆಯ ಜರಿಗಳ ಬದಲು ಬಿಸಿಲನ್ನು ತಾಳುವ ಒರಟು ಜರಿಗಳು ಒಂದೆರಡೇ ಹಬ್ಬಿ ನಿಲ್ಲುತ್ತಿದ್ದವು. ಅವರದೇ ಇಲಾಖೆಯ ಕೈಕೆಳಗೆ ಮಲಬಾರಿನ ನಿಲಂಬೂರಿನಲ್ಲಿ ತೇಗದ ತೋಪುಗಳು ವಿಸ್ತರಿಸುತ್ತಿದ್ದವು. 1878ರಲ್ಲಿ ಬೆಡ್ಡೋಮರೇ ಅವುಗಳನ್ನು ಕುರಿತು ವರದಿಯೊಂದನ್ನು ಬರೆದರು. ಬೇಸಗೆಯಲ್ಲಿ ಎಲೆಯುದುರಿಸುವ ತೇಗದ ಸಾಲಿನ ಕೆಳಗೆ ಶೋಲಾದ ಜರಿ ಬದುಕದು. ಜರಿಗಳನ್ನು ಅತಿಯಾಗಿ ಪ್ರೀತಿಸಿದ ವ್ಯಕ್ತಿಯೇ ಜರಿ ಬಾಳದ ಕಾಡನ್ನು ಬೆಳೆಸುವ ಇಲಾಖೆಯ ಯಜಮಾನರಾಗಿದ್ದರು. ಈ ದ್ವಂದ್ವ ಅವರ ಬದುಕಿನ ಕೊನೆಯವರೆಗೂ ಬಗೆಹರಿಯಿತೆಂದು ಹೇಳಲಾಗದು.

ಕಾಡಿನ ಜನರ ಪಾಲಿಗೆ ಆ ಇಲಾಖೆ ತಂದ ಕಷ್ಟವೂ ಸಣ್ಣದಲ್ಲ. ಕಾಡಿನ ತುಂಡೊಂದನ್ನು ಕಡಿದು ಸುಟ್ಟು ಬೂದಿಯಲ್ಲಿ ರಾಗಿ ಬಿತ್ತಿ ಮುಂದೆ ಸಾಗುವ ಕುಮರಿ ಬೇಸಾಯವನ್ನು ಮದರಾಸು ಸರಕಾರವು 1860ರಲ್ಲಿ ಕನ್ನಡ ಜಿಲ್ಲೆಯಲ್ಲಿ ಅಪ್ಪಣೆಯಿಲ್ಲದೆ ಮಾಡಬಾರದೆಂದು ತಡೆಯಿತು. ಕುಮರಿ ಮರಾಟಿಗಳು, ಮಲೆಕುಡಿಯರು ಮೊದಲಾದವರ ಅನ್ನದ ದಾರಿ ಅದರಿಂದ ಮುಚ್ಚಿತು. ಕಾಡನ್ನು ಉಳಿಸುವ ಮಾತು ನಿಜ. ಆದರೆ ಬಡವನ ಬೂದಿಯ ತುಂಡಿಗೆ ತಡೆ ಬಂದಷ್ಟು ಬೇಗ ಧನಿಕನ ಕಾಫಿ ತೋಟಕ್ಕೆ ಬರಲಿಲ್ಲ. ಅತ್ತ, ಹಳ್ಳಿಗರ ಹಕ್ಕುಗಳಿಗೆ ಧಕ್ಕೆಯಾಗುವುದೆಂದು ಕಂದಾಯ ಮಂಡಳಿ ಅಡ್ಡಗಾಲು ಹಾಕಿದ್ದರಿಂದ ಮದರಾಸಿನಲ್ಲಿ ಅರಣ್ಯ ಕಾನೂನೇ ಬಹುಕಾಲ ಜಾರಿಗೆ ಬರಲಿಲ್ಲ. ಬೆಡ್ಡೋಮರು ತಮ್ಮ ಅಧಿಕಾರಾವಧಿಯನ್ನೆಲ್ಲ ಕಾನೂನಿನ ಬಲವಿಲ್ಲದೆಯೇ ಕಳೆದರು. ಮದರಾಸು ಅರಣ್ಯ ಕಾಯಿದೆ ಬಂದದ್ದು 1882ರಲ್ಲಿ, ಅವರು ಹುದ್ದೆಯನ್ನು ಬಿಟ್ಟ ವರ್ಷವೇ.

ಜರಿಯನ್ನು ಕೀಳಲು ಬಗ್ಗಿದವರಿಗೆ ಅದೇ ತರಗಿನಡಿಯಲ್ಲಿ ಬೇರೆ ಜೀವಿಗಳೂ ಕಂಡವು. ಮಣ್ಣಿನೊಳಗೆ ಬಿಲ ತೋಡಿ ಬದುಕುವ ನಿರಪಾಯಕರ ಹಾವುಗಳು, ಕಪ್ಪೆಗಳು, ಹಲ್ಲಿಗಳು, ಬಸವನಹುಳುಗಳು ಇವೆಲ್ಲವನ್ನೂ ಬೆಡ್ಡೋಮರು ಸಂಗ್ರಹಿಸಿ ವಿವರಿಸಿದರು. ಹಾವುಗಳ ಶಾಸ್ತ್ರದಲ್ಲಿ ಅವರ ಹೆಸರು ಜರೀಶಾಸ್ತ್ರದಲ್ಲಿರುವಷ್ಟೇ ದೊಡ್ಡದು. ಅದು ಬೇರೆಯೇ ಒಂದು ಲೇಖನಕ್ಕೆ ವಸ್ತು. 1880ರಲ್ಲಿ ಮದರಾಸು ವಿಶ್ವವಿದ್ಯಾಲಯವು ಅವರನ್ನು ತನ್ನ ಫೆಲೋ ಆಗಿ ಆರಿಸಿಕೊಂಡಿತು.

ಹುದ್ದೆಯನ್ನು ಬಿಟ್ಟ ಮರುವರ್ಷ, 1883ರಲ್ಲಿ, ಭಾರತ, ಸಿಂಹಳ, ಮಲಯ ದ್ವೀಪಕಲ್ಪಗಳ ಜರಿಗಳ ಕೈಪಿಡಿ ಹೊರಬಂತು. ಹಿಂದಿನ ಭಾರಿ ಸಂಪುಟಗಳನ್ನು ಕಾಡಿಗೆ ಹೊತ್ತೊಯ್ಯುವಂತಿರಲಿಲ್ಲ. ಇದು ಚೀಲದಲ್ಲಿ ಹಿಡಿಸುವಂತಹುದು, 300 ಚಿತ್ರಗಳುಳ್ಳದ್ದು. 1892ರಲ್ಲಿ ಅದಕ್ಕೆ ಅನುಬಂಧವೂ ಸೇರಿತು. ಮುಂದಿನ ತೊಂಬತ್ತು ವರ್ಷ ಭಾರತದಲ್ಲಿ ಜರೀಗಿಡವನ್ನು ಗುರುತಿಸಹೊರಟ ಅಧ್ಯಾಪಕರೂ ವಿದ್ಯಾರ್ಥಿಗಳೂ ಆಶ್ರಯಿಸಿದ್ದು ಈ ಪುಸ್ತಕವನ್ನೇ. ಹೆಸರುಗಳು ಹಳತಾದವು, ಪುಸ್ತಕ ಹಳತಾಗಲಿಲ್ಲ. ಅದನ್ನು ಬದಲಿಸುವುದಕ್ಕಿಂತ ಹೊಸ ಹೆಸರುಗಳನ್ನು ಜೋಡಿಸಿಕೊಡುವುದೇ ಲೇಸೆಂದು ಬಗೆದು ಬಿ.ಕೆ. ನಾಯರ್ ಮತ್ತು ಎಸ್. ಕೌರ್ ಅವರು 1974ರಲ್ಲಿ ಅದಕ್ಕೊಂದು ಸಹಚರ ಗ್ರಂಥವನ್ನೇ ಬರೆದರು.

ಬೆಡ್ಡೋಮರು ಬರೆದಿಟ್ಟ ನೆಲೆಗಳ ವಿವರಕ್ಕೆ ಬೆಲೆ ಬಂದದ್ದು ಆ ನೆಲೆಗಳು ಕುಗ್ಗುತ್ತ ಬಂದಾಗ. ಭದ್ರೆಯ ಉಗಮದ ಕಣಿವೆಗಳಲ್ಲಿ 1980ರ ದಶಕದಿಂದ ಕಬ್ಬಿಣದ ಅದುರಿನ ಗಣಿಗಾರಿಕೆ ನಡೆಯಿತು; ಕುದುರೆಮುಖವು 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಮೇಲೂ ಅದು ನಿಲ್ಲಲಿಲ್ಲ. ಸರ್ವೋಚ್ಚ ನ್ಯಾಯಾಲಯದ 2002ರ ತೀರ್ಪಿನಂತೆ 2005ರ ಕೊನೆಗೆ ಗಣಿ ಮುಚ್ಚಿತು. ಲಕ್ಕವಳ್ಳಿಯ ಅಣೆಕಟ್ಟಿಗೆ, ಅಲ್ಲಿಂದ ನಾಲೆಯಲ್ಲಿ ದಾವಣಗೆರೆಯ ಭತ್ತದ ಗದ್ದೆಗಳಿಗೆ ಹರಿದು ಬರುವ ನೀರು ಆ ಕಣಿವೆಗಳದ್ದೇ. ಶೋಲಾದ ತರಗು, ಪಾಚಿ, ಜರಿಯ ಬೇರುಗಳ ಹಾಸು ಮಳೆಯನ್ನು ಹೀರಿಕೊಂಡು, ಮಳೆ ನಿಂತ ತಿಂಗಳುಗಳಲ್ಲಿ ತುಸುತುಸುವಾಗಿ ಬಿಟ್ಟುಕೊಡುತ್ತದೆ. ಹಾಸು ಹರಿದುಹೋದ ಕಡೆ ಮಳೆಗಾಲದಲ್ಲಿ ಮಣ್ಣು ಬರುತ್ತದೆ, ಬೇಸಗೆಯಲ್ಲಿ ನೀರು ಬರುವುದಿಲ್ಲ.

ಬೆಡ್ಡೋಮರು ಕಡೆಯ ವರ್ಷಗಳನ್ನು ಲಂಡನ್ನಿನ ಅಂಚಿನ ಪಟ್ನಿಯಲ್ಲಿ ಕಳೆದರು. ಅವರ ಸಂಗ್ರಹದ ಒಣಗಿಸಿದ ಜರಿಗಳು ಲಂಡನ್ನಿನ ವಸ್ತುಸಂಗ್ರಹಾಲಯವನ್ನೂ ಕ್ಯೂ ಉದ್ಯಾನವನ್ನೂ ಸೇರಿದವು. ನೀಲಗಿರಿಯ ಪಶ್ಚಿಮದ ಅಂಚಿನಲ್ಲಿ ಮಲಬಾರಿಗೆ ಇಳಿಯುವ, ಮಂಜು ಕವಿದ, ಕಾಲಾಂತರದಲ್ಲಿ ಹಾಳುಬಿದ್ದ ಒಂದು ಘಟ್ಟದಾರಿಯಿತ್ತು. ಅದರ ಹೆಸರು ಸಿಸ್ಪಾರ. ಪಟ್ನಿಯ ಮನೆಗೂ ಅವರು ಅದೇ ಹೆಸರನ್ನಿಟ್ಟಿದ್ದರು. 1911ರ ಫೆಬ್ರವರಿ 23ರಂದು, ಎಂಬತ್ತು ವರ್ಷ ತುಂಬಿದ ಬೆಡ್ಡೋಮರು ಆ ಸಿಸ್ಪಾರದಲ್ಲಿ ಕಣ್ಮುಚ್ಚಿದರು.